ಕ್ರಿಸ್ಮಸ್ ಚಿತ್ತಾರದ ಪಿಂಗಾಣಿ ತಟ್ಟೆಗಳು: ಮೊಹರು, ಮಣ್ಣು, ಮೆರುಗು, ಬಿರುಕು

ಪಿಂಗಾಣಿ_ಪುಟ್ಟಿ
ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿ ಕಡೆ ಗರಾಜ್ ಸೇಲ್‌ಗಳಲ್ಲಿ ಹಬ್ಬದ ಚಿತ್ರ ಇರೋ ಊಟದ ಸೆಟ್ಟುಗಳು ಯಥೇಚ್ಛವಾಗಿ ಸಿಗ್ತವೆ. ಈಗ ಮುಂದಿರೋ ರಾಶಿ ಹೀಗಿದೆ:

ಹಸಿರು ಗೆರೆಯ ಅಂಚು, ನಡುವೆ ಕ್ರಿಸ್ಮಸ್ ಮರ ಇರೋ ಎಂಟು ದೊಡ್ಡ ತಟ್ಟೆ. ಹಿಂದೆ ಸ್ಪೋಡ್, ಇಂಗ್ಲೆಂಡ್, ಎಸ್3324 ಅಂತಿದೆ. ಹಾಲಿ (ಕ್ರಿಸ್ಮಸ್ ಅಲಂಕಾರಕ್ಕೆ ಬಳಸೋ ಮುಳ್ಳಂಚಿನ ಗಿಡ) ಎಲೆ, ಕೆಂಪು ಹಣ್ಣು, ಚಿನ್ನದ ಅಂಚಿನ ಲೆನಾಕ್ಸ್ ತಟ್ಟೆ ನಾಲ್ಕು. ಬರೀ ನೀಲಿ ಬಣ್ಣದ, 1969 ಅಂತ ಬರೆದಿರೋ ಗೋಡೆ ತಟ್ಟೆ ಒಂದು. ಟರ್ಕಿ ಕೋಳಿ ಚಿತ್ರದ 20 ಇಂಚಿನ ಹರಿವಾಣ ಒಂದು, ಅದರ ಮೈಮೇಲೆಲ್ಲಾ ಜೇಡರ ಬಲೆ ಥರ ಕಂದು ಗೆರೆ.

ಇವು ಎಷ್ಟು ಹಳೇವು? ಊಟಕ್ಕೆ ಬಳಸಬಹುದಾ? ಆ ಕಂದು ಗೆರೆ ಹೋಗತ್ತಾ?

ತಳ_ನೋಡಿ
ಪುಟ್ಟಿಯವರೇ, ಮರದ ತಟ್ಟೆ ಎಂಟನ್ನೂ ಬೋರಲು ಹಾಕಿ, ಒಂದೊಂದರ ಮೊಹರನ್ನೂ ಬೇರೆಬೇರೆಯಾಗಿ ಓದಿ. ಒಂದನ್ನು ನೋಡಿ ಎಂಟಕ್ಕೂ ಅದೇ ಲೆಕ್ಕ ಹಾಕೋದು ಈ ಹವ್ಯಾಸದ ಮೊದಲ ತಪ್ಪು. ಸೆಟ್ಟುಗಳು ಒಡೆದ ಹಾಗೆಲ್ಲ ತುಂಬಿಸಿಕೊಂಡು ಬಂದಿರ್ತವೆ.

ಎಸ್3324 ಅನ್ನೋದು ಚಿತ್ತಾರದ ಸಂಖ್ಯೆ, ತಟ್ಟೆಯ ವಯಸ್ಸಲ್ಲ. ಸ್ಪೋಡ್‌ನ ಕ್ರಿಸ್ಮಸ್ ಟ್ರೀ ಚಿತ್ತಾರ 1938ರಿಂದ ಬರ್ತಾ ಇದೆ, ಇವತ್ತಿಗೂ ಬರ್ತಿದೆ. ಹಾಗಾಗಿ "1938ರ ತಟ್ಟೆ" ಅಂತ ಮಾರೋರು ಮಾರ್ತಿರೋದು ಚಿತ್ತಾರದ ಹುಟ್ಟಿದ ವರ್ಷವನ್ನು. ಇನ್ನು ಕೆಲವು ಮೊಹರಿನಲ್ಲಿ 1770 ಅಂತ ಕಾಣತ್ತೆ. ಅದು ಕಂಪನಿ ಶುರುವಾದ ವರ್ಷ. 250 ವರ್ಷ ಹಳೇ ತಟ್ಟೆ ಸಿಕ್ಕಿತು ಅಂತ ಹಾರಾಡಬೇಡಿ.

ವಯಸ್ಸು ಹೇಳೋದು ಕಂಪನಿಯ ಹೆಸರು ಮತ್ತು ದೇಶ. "ಕೋಪ್‌ಲ್ಯಾಂಡ್" ಅಂತ ಇದ್ದರೆ 1970ಕ್ಕಿಂತ ಮುಂಚಿನದು. 1833ರಿಂದ ಆ ಕಾರ್ಖಾನೆ ಕೋಪ್‌ಲ್ಯಾಂಡ್ ಮನೆತನದ ಕೈಲಿತ್ತು, 1970ರಲ್ಲಿ ಹಳೇ ಸ್ಪೋಡ್ ಹೆಸರಿಗೆ ಮರಳಿದರು. ಬರೀ ಸ್ಪೋಡ್, ಮೇಡ್ ಇನ್ ಇಂಗ್ಲೆಂಡ್ ಅಂತಿದ್ದರೆ ಸಾಮಾನ್ಯವಾಗಿ ಆಮೇಲಿನದು. 2008ರ ನವೆಂಬರಿನಲ್ಲಿ ಕಂಪನಿ ದಿವಾಳಿ ಆಡಳಿತಕ್ಕೆ ಹೋಯಿತು, 2009ರಲ್ಲಿ ಪೋರ್ಟ್‌ಮೇರಿಯನ್ ಅನ್ನೋ ಇನ್ನೊಂದು ಪಿಂಗಾಣಿ ಕಂಪನಿ ಆ ಹೆಸರನ್ನು ಕೊಂಡಿತು. ಇತ್ತೀಚಿನ ಮರದ ತಟ್ಟೆಗಳ ಮೇಲೆ ಏಷ್ಯಾದ ದೇಶದ ಹೆಸರು ಕಂಡರೆ ಅದು ನಕಲಿ ಅಂತಲ್ಲ, ಹೊಸದು ಅಂತ ಅಷ್ಟೇ.

ಗೋಡೆ ತಟ್ಟೆ ಹಿಂದೆ ಮೂರು ಅಲೆ ಗೆರೆ ಇದೆಯಾ, ಮೂರು ಗೋಪುರ ಇದೆಯಾ? ಎರಡೂ ಡೆನ್ಮಾರ್ಕಿನ ಕಂಪನಿಗಳ ಗುರುತು. ಅದನ್ನೂ ನೋಡಿ ಹೇಳಿ.

ಹ್ಯಾನ್ಲಿ_ರಸ್ತೆ
ಆ ಮರದ ಚಿತ್ತಾರದ ಹಿಂದಿನ ವಿಷಯ ಸ್ವಾರಸ್ಯವಾಗಿದೆ, ಬರೀತೀನಿ.

ಅದು ಇಂಗ್ಲೆಂಡಿನಲ್ಲಿ, ಸ್ಟೋಕ್-ಆನ್-ಟ್ರೆಂಟ್‌ನಲ್ಲಿ, ಅಮೆರಿಕದ ಗಿರಾಕಿಗೋಸ್ಕರ ಮಾಡಿದ್ದು. ಅಮೆರಿಕದಲ್ಲಿ ಸ್ಪೋಡ್ ಮಾರುತ್ತಿದ್ದ ಏಜೆಂಟ್ ಸಿಡ್ನಿ ಥಾಂಪ್ಸನ್ 1938ರಲ್ಲಿ ಹೊಸದೊಂದು ಕ್ರಿಸ್ಮಸ್ ಚಿತ್ತಾರ ಬೇಕು ಅಂದರು. ಬರೆಯೋಕೆ ಕೂತವರು ಕಾರ್ಖಾನೆಯ ಚಿತ್ರಗಾರ ಹೆರಾಲ್ಡ್ ಹೋಲ್ಡ್‌ವೇ. ಅಮೆರಿಕದ ಮನೆಗಳಲ್ಲಿ ಮರವನ್ನು ಹೇಗೆ ಸಿಂಗರಿಸ್ತಾರೆ ಅಂತ ಅವರಿಗೆ ಗೊತ್ತಿರಲಿಲ್ಲ. ಉಡುಗೊರೆಗಳನ್ನು ಕೊಂಬೆಗೆ ನೇತುಹಾಕಿ ಬರೆದರು. "ನಮ್ಮಲ್ಲಿ ಉಡುಗೊರೆ ಮರದ ಬುಡದಲ್ಲಿ ಇಡ್ತಾರೆ" ಅಂತ ತಿದ್ದುಪಡಿ ಬಂತು, ಬುಡದಲ್ಲಿ ಪೊಟ್ಟಣಗಳು ಬಂದು ಕೂತವು. ತುದಿಗೆ ಏನು ಹಾಕೋದು ಗೊತ್ತಾಗದೆ ಸಾಂಟಾ ಕ್ಲಾಸನ್ನು ಕೂರಿಸಿದರು. ನಕ್ಷತ್ರವೋ ದೇವದೂತನೋ ಇರಬೇಕಾದ ಜಾಗದಲ್ಲಿ ಸಾಂಟಾ! ಈಗ ತಟ್ಟೆಯನ್ನು ದೂರದಿಂದ ಗುರುತಿಸೋದೇ ಆ ಸಾಂಟಾನಿಂದ.

ಇಂಗ್ಲೆಂಡಿನ ಕುಂಬಾರಿಕೆ ಊರುಗಳಿಗೆ ಅಮೆರಿಕ ದೊಡ್ಡ ಮಾರುಕಟ್ಟೆ, ಹಬ್ಬದ ತಟ್ಟೆ ಆ ವ್ಯಾಪಾರದ ಕೂಸು. ಟರ್ಕಿ ಹರಿವಾಣವನ್ನೇ ನೋಡಿ. ಟರ್ಕಿ ಕೋಳಿ ಬಡಿಸೋ ಥ್ಯಾಂಕ್ಸ್‌ಗಿವಿಂಗ್ ಅಮೆರಿಕದ್ದು, ಇಂಗ್ಲೆಂಡಿನ ಹಬ್ಬವೇ ಅಲ್ಲ. 1863ರಲ್ಲಿ ಲಿಂಕನ್ ರಾಷ್ಟ್ರೀಯ ಹಬ್ಬ ಅಂತ ಘೋಷಿಸಿದ್ದು. ಆದರೆ ಸಂಗ್ರಾಹಕರು ಹುಡುಕೋ ಟರ್ಕಿ ತಟ್ಟೆಗಳಲ್ಲಿ ಎಷ್ಟೋ ಇಂಗ್ಲೆಂಡಿನವು. ಜಾನ್ಸನ್ ಬ್ರದರ್ಸ್‌ನ "ಹಿಸ್ ಮ್ಯಾಜೆಸ್ಟಿ", "ಬಾರ್ನ್‌ಯಾರ್ಡ್ ಕಿಂಗ್" ಎರಡೂ ಆ ಸಾಲಿನವು. ಅವರದ್ದೇ "ಫ್ರೆಂಡ್ಲಿ ವಿಲೇಜ್" 1953ರದ್ದು. ಅದು ಪೂರ್ತಿ ಕ್ರಿಸ್ಮಸ್ ಚಿತ್ತಾರ ಅಲ್ಲ, ಹಿಮ ಬಿದ್ದ ಹಳ್ಳಿ ದೃಶ್ಯಗಳಿಂದಾಗಿ ಡಿಸೆಂಬರಿಗೆ ಮೇಜಿಗೆ ಬರತ್ತೆ. ಅದರಲ್ಲಿ ಒಂದೊಂದು ಪಾತ್ರೆಗೆ ಒಂದೊಂದು ದೃಶ್ಯ, ದೃಶ್ಯದ ಹೆಸರು ತಳದಲ್ಲಿ: ಸ್ಕೂಲ್ ಹೌಸ್, ಕವರ್ಡ್ ಬ್ರಿಡ್ಜ್, ಐಸ್ ಹೌಸ್, ಶುಗರ್ ಮೇಪಲ್ಸ್ ಹೀಗೆ. ಸೆಟ್ಟು ತುಂಬಿಸೋರು ಅಳತೆ ಜೊತೆ ದೃಶ್ಯದ ಹೆಸರೂ ಕೇಳಿಕೊಳ್ಳಬೇಕು.

ವಯಸ್ಸು ಹೇಳೋಕೆ ಇನ್ನೊಂದು ಗುರುತು. ಅಮೆರಿಕದ 1890ರ ಮ್ಯಾಕಿನ್ಲಿ ಸುಂಕ ಕಾಯ್ದೆ ಪ್ರಕಾರ 1891ರಿಂದ ಆಮದು ಮಾಲಿನ ಮೇಲೆ ದೇಶದ ಹೆಸರು ಇರಬೇಕಾಯಿತು. "ಇಂಗ್ಲೆಂಡ್" ಅಂತಿದ್ದರೆ ಬಹುಮಟ್ಟಿಗೆ ಅದರ ಈಚಿನದು, "ಮೇಡ್ ಇನ್ ಇಂಗ್ಲೆಂಡ್" ಅಂದರೆ 20ನೇ ಶತಮಾನದ್ದು. ಏನೂ ಇಲ್ಲದಿದ್ದರೆ ಹಳೇದು ಅಂತ ಮಾತ್ರ ತೀರ್ಮಾನಿಸಬೇಡಿ. ಅಂಟಿಸಿದ ಚೀಟಿ ಕಿತ್ತುಹೋದ ತಟ್ಟೆಗೂ ಮೊಹರು ಇರಲ್ಲ.

ಹುಬ್ಬಳ್ಳಿ_ಮಿರ್ಚಿ
ಅಲ್ರೀ, ಇದರಾಗ ಬೋನ್ ಚೈನಾ ಯಾವುದು ಅಂತ ಮೊದಲ ಹೇಳ್ರಿ. ಹೆಸರಿಗಷ್ಟ ಬೋನೋ, ಖರೇನ ಎಲುಬು ಹಾಕ್ತಾರೋ? ಮನ್ಯಾಗ ಹಿರ್ಯಾರು ಕೇಳ್ತಾರ. ಹಬ್ಬದ ದಿನ ಎಲಿ ಪಕ್ಕ ಇಡೂ ಮಾತು ಬ್ಯಾರೆ.

ಭಟ್ಟಿಬೂದಿ
ಖರೇನೇ ಹಾಕ್ತಾರೆ ಸರ್. ಸಾಂಪ್ರದಾಯಿಕ ಬೋನ್ ಚೈನಾದ ಮಣ್ಣಿನಲ್ಲಿ ಸುಮಾರು ಅರ್ಧ ಭಾಗ ದನದ ಮೂಳೆ ಸುಟ್ಟ ಬೂದಿ, ಉಳಿದರ್ಧದಲ್ಲಿ ಚೈನಾ ಕ್ಲೇ (ಬಿಳಿ ಜೇಡಿಮಣ್ಣು) ಮತ್ತು ಕಾರ್ನಿಷ್ ಸ್ಟೋನ್ (ಒಂದು ಬಗೆ ಕಲ್ಲಿನ ಪುಡಿ) ಹೆಚ್ಚುಕಡಿಮೆ ಸಮಸಮ. ಆ ಬೂದಿಯ ಕ್ಯಾಲ್ಸಿಯಂ ಫಾಸ್ಫೇಟೇ ಅದಕ್ಕೆ ಬಿಳುಪನ್ನೂ ಬೆಳಕು ಹಾಯಿಸೋ ಗುಣವನ್ನೂ ಕೊಡೋದು. ಮನೆಯಲ್ಲಿ ಬೇಡ ಅನ್ನೋರು ಇದ್ದರೆ ಕೊಳ್ಳೋ ಮುಂಚೆಯೇ ನೋಡಿಕೊಳ್ಳಿ. ತಳದಲ್ಲಿ "ಬೋನ್ ಚೈನಾ" ಅಂತ ಸಾಮಾನ್ಯವಾಗಿ ಬರೆದೇ ಇರ್ತಾರೆ, ಅದು ಅವರಿಗೆ ಹೆಮ್ಮೆಯ ವಿಷಯ.

ಹಬ್ಬದ ತಟ್ಟೆಗಳಲ್ಲಿ ಬಹುಪಾಲು ಬೋನ್ ಚೈನಾ ಅಲ್ಲ. ಸ್ಪೋಡ್ ಮರದ ಹಳೇ ತಟ್ಟೆ, ಜಾನ್ಸನ್ ಬ್ರದರ್ಸ್ ತಟ್ಟೆ, ಇವೆಲ್ಲ ಅರ್ದನ್‌ವೇರ್. ಅಂದರೆ ಬಿಳಿ ಮಣ್ಣಿನ, ಒಳಗೆ ಸಣ್ಣ ರಂಧ್ರ ಉಳಿದಿರೋ ಮಾಲು. ಡೆನ್ಮಾರ್ಕಿನ ನೀಲಿ ತಟ್ಟೆ ಗಟ್ಟಿ ಪೋರ್ಸಲಿನ್, ಅಂದರೆ ಹೆಚ್ಚು ತಾಪದಲ್ಲಿ ಸುಟ್ಟ, ನೀರು ಇಂಗದ ಮಾಲು. ಅದರಲ್ಲೂ ಮೂಳೆ ಇಲ್ಲ.

ಮೊಹರು ಅಳಿಸಿಹೋಗಿದ್ದರೆ ಎರಡು ಪರೀಕ್ಷೆ. ಕತ್ತಲ ಕೋಣೆಯಲ್ಲಿ ತಟ್ಟೆ ಹಿಂದೆ ಮೊಬೈಲ್ ಟಾರ್ಚ್ ಹಿಡಿದು ಮುಂದೆ ಬೆರಳಾಡಿಸಿ. ಬೆರಳ ನೆರಳು ಕಾಣದಿದ್ದರೆ ಅರ್ದನ್‌ವೇರ್. ಕಂಡರೆ, ಬೆಳಕು ಕೆನೆ ಬಣ್ಣಕ್ಕಿದ್ದರೆ ಹೆಚ್ಚಾಗಿ ಬೋನ್ ಚೈನಾ, ನೀಲಿ-ಬೂದಿ ಛಾಯೆ ಇದ್ದರೆ ಪೋರ್ಸಲಿನ್. ಎರಡನೇದು, ತಳದಲ್ಲಿ ಬಳೆಯಂತೆ ಎದ್ದಿರೋ ಭಾಗದಲ್ಲಿ ಮೆರುಗು (ಮೈಮೇಲಿನ ಗಾಜಿನಂಥ ಪದರ) ಇಲ್ಲದ ಜಾಗ ಸಿಕ್ಕರೆ ಒಂದು ಹನಿ ನೀರು ಬಿಡಿ. ಹನಿ ಇಂಗಿ ಮಬ್ಬಾದರೆ ಅರ್ದನ್‌ವೇರ್. ಈ ಇಂಗೋ ಗುಣವೇ ಪುಟ್ಟಿಯವರ ಹರಿವಾಣದ ಕಾಯಿಲೆಗೂ ಮೂಲ, ಅದಕ್ಕೆ ಆಮೇಲೆ ಬರ್ತೀನಿ.

ಊಟದ ಪ್ರಶ್ನೆಗೆ ಮಣ್ಣಿಗಿಂತ ಬಣ್ಣ ಎಲ್ಲಿದೆ ಅನ್ನೋದು ಮುಖ್ಯ. ಮೆರುಗಿನ ಕೆಳಗೋ ಮೇಲೋ? ಹಳೇ ಪದ್ಧತಿಯ ಮುದ್ರಣ ಹೀಗೆ: ತಾಮ್ರದ ತಗಡಿನಲ್ಲಿ ಚಿತ್ರ ಕೊರೆದು, ಎಣ್ಣೆಯಲ್ಲಿ ಕಲಸಿದ ಬಣ್ಣವನ್ನು ಬಿಸಿ ತಗಡಿಗೆ ತುಂಬಿ, ತೆಳು ಕಾಗದಕ್ಕೆ ಒತ್ತಿ ತೆಗೀತಾರೆ. ಕಾಗದವನ್ನು ಒಂದು ಸಲ ಸುಟ್ಟ, ಮೆರುಗಿಲ್ಲದ ತಟ್ಟೆಗೆ ಅಂಟಿಸಿ ಗಟ್ಟಿ ಬ್ರಷ್‌ನಲ್ಲಿ ತಿಕ್ಕಿ, ನೀರಲ್ಲಿ ಕಾಗದ ತೊಳೆದು ತೆಗೀತಾರೆ. ಎಣ್ಣೆ ಹೋಗಲಿ ಅಂತ ಸುಮಾರು 700 ಡಿಗ್ರಿಯಲ್ಲಿ ಸುಟ್ಟು, ಮೆರುಗಿನಲ್ಲಿ ಅದ್ದಿ, ಮತ್ತೆ 1050 ಡಿಗ್ರಿ ಆಸುಪಾಸಿನಲ್ಲಿ ಭಟ್ಟಿಗೆ. ಇದನ್ನು ನೀಲಿ ಬಣ್ಣದಲ್ಲಿ ಪಳಗಿಸಿದವರು ಇದೇ ಸ್ಪೋಡ್ ಮನೆತನದ ಮೊದಲನೇ ಜೋಸಾಯಾ, 1784ರ ಸುಮಾರಿಗೆ. ಇಲ್ಲಿ ಚಿತ್ರ ಗಾಜಿನ ಪದರದ ಕೆಳಗೆ ಸುರಕ್ಷಿತ.

ಅಗ್ಗದ ದಾರಿ ಬೇರೆ. ಮೆರುಗು ಹಾಕಿ ಮುಗಿದ ತಟ್ಟೆ ಮೇಲೆ ಡೆಕಾಲ್ (ಮೊದಲೇ ಅಚ್ಚು ಹಾಕಿದ ಚಿತ್ರದ ಹಾಳೆ) ಅಂಟಿಸಿ 750ರಿಂದ 850 ಡಿಗ್ರಿಯಲ್ಲಿ ಸುಡೋದು. ಕೆಂಪು, ಹೊಳೆಯೋ ಹಸಿರು, ಚಿನ್ನ ಸಾಮಾನ್ಯವಾಗಿ ಇಷ್ಟು ತಾಪದಲ್ಲಿ ಚೆನ್ನಾಗಿ ನಿಲ್ಲತ್ತೆ. ಹಬ್ಬದ ತಟ್ಟೆ ಅಂದ ಮೇಲೆ ಕೆಂಪು ಹಸಿರು ಇಲ್ಲದೆ ಆಗತ್ತಾ? ಗುರುತಿಸೋದು ಸುಲಭ. ದೀಪದ ಕೆಳಗೆ ತಟ್ಟೆಯನ್ನು ಓರೆ ಹಿಡೀರಿ. ಚಿತ್ರದ ಮೇಲೂ ಬಿಳಿ ಜಾಗದ ಮೇಲೂ ಹೊಳಪು ಒಂದೇ ಹರಿವಾಗಿದ್ದರೆ ಬಣ್ಣ ಕೆಳಗಿದೆ. ಚಿತ್ರದ ಅಂಚಿನಲ್ಲಿ ಹೊಳಪು ಮುರಿದು ಮ್ಯಾಟ್ ಆದರೆ, ಉಗುರಿಗೆ ಸಣ್ಣ ಮೆಟ್ಟಿಲು ಸಿಕ್ಕರೆ, ಮೇಲಿದೆ.

ಕೊಡಿಯಾಲ್_ಕುಸ್ವಾರ್
ಭಟ್ಟಿ ಸರ್, ಮೇಲಿದ್ದರೆ ಎಂತ ತೊಂದರೆ? ಮಂಗಳೂರು ಕಡೆ ಕ್ರಿಸ್ಮಸ್ಸಿಗೆ ಕುಸ್ವಾರ್ ಹಂಚುವಾಗ ಇಂಥ ತಟ್ಟೆ ಚಂದ ಕಾಣ್ತದೆ ಮಾರಾಯ್ರೆ. ನೆವ್ರಿ, ಕಿಡ್ಯೊ, ರೋಸ್ ಕುಕ್ಕೀಸ್ ಎಲ್ಲ ಒಣ ತಿಂಡಿ. ಅದಕ್ಕೂ ಆಗುದಿಲ್ವಾ?

ಭಟ್ಟಿಬೂದಿ
ಕುಸ್ವಾರಿಗೆ ಧಾರಾಳವಾಗಿ ಆಗ್ತದೆ. ಒಣ ತಿಂಡಿ, ಸ್ವಲ್ಪ ಹೊತ್ತು, ಹುಳಿ ಇಲ್ಲ. ಬೇಕಿದ್ದರೆ ಮೇಲೊಂದು ಕಾಗದದ ಲೇಸ್ ಹಾಸಿ.

ತೊಂದರೆ ಸೀಸದ್ದು. ಹಳೇ ಮೇಲ್ಬಣ್ಣಗಳಲ್ಲಿ ಕಡಿಮೆ ತಾಪಕ್ಕೆ ಕರಗಲಿ ಅಂತ ಸೀಸ ಇರ್ತಿತ್ತು, ಕೆಂಪು-ಹಳದಿಯಲ್ಲಿ ಕ್ಯಾಡ್ಮಿಯಂ ಕೂಡ. ಹುಳಿ ಪದಾರ್ಥ ಅದನ್ನು ಹೊರಗೆಳೆಯತ್ತೆ. ಹೊತ್ತು, ಬಿಸಿ, ಹುಳಿ ಮೂರೂ ಸೇರಿದಷ್ಟೂ ಜಾಸ್ತಿ. ಪ್ರಯೋಗಾಲಯದಲ್ಲಿ ಮಾಡೋ ಪರೀಕ್ಷೆಯೂ ಇದೇ ತತ್ವದ್ದು: ಶೇ. 4ರ ಅಸಿಟಿಕ್ ಆಮ್ಲವನ್ನು ಪಾತ್ರೆಗೆ ತುಂಬಿ, ಕೋಣೆಯ ತಾಪದಲ್ಲಿ 24 ಗಂಟೆ ಬಿಟ್ಟು, ಆ ದ್ರಾವಣದಲ್ಲಿ ಎಷ್ಟು ಸೀಸ ಬಂತು ಅಂತ ಅಳೀತಾರೆ. ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕ್ರಮಕ್ಕೆ ಇಟ್ಟಿರೋ ಮಿತಿ ಚಪ್ಪಟೆ ತಟ್ಟೆಗೆ ಮಿಲಿಲೀಟರಿಗೆ 3 ಮೈಕ್ರೋಗ್ರಾಂ, ಸಣ್ಣ ಬಟ್ಟಲಿಗೆ 2, ದೊಡ್ಡ ಬಟ್ಟಲಿಗೆ 1, ಕಪ್ಪು-ಮಗ್ಗು-ಹೂಜಿಗೆ 0.5. ಕಪ್ಪಿಗೆ ಯಾಕೆ ಇಷ್ಟು ಬಿಗಿ ಅಂದರೆ ಅದರಲ್ಲಿ ಬಿಸಿ ಪಾನೀಯ, ದಿನಾ, ಹೆಚ್ಚು ಹೊತ್ತು.

ಮನೆಯಲ್ಲಿ ಉಜ್ಜಿ ನೋಡೋ ಕಿಟ್ಟುಗಳು ಇವೆ. ಕೆಂಪಾದರೆ ನಂಬಿ, ಆಗದಿದ್ದರೆ ನಂಬಬೇಡಿ. ಎಕ್ಸ್‌ಆರ್‌ಎಫ್ ಗನ್ (ಎಕ್ಸ್-ರೇಯಿಂದ ಲೋಹ ಅಳೆಯೋ ಯಂತ್ರ) ಹಿಡಿದು "ಇಷ್ಟು ಸಾವಿರ ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ)" ಅಂತ ವಿಡಿಯೋ ಹಾಕೋರು ತೋರಿಸೋದು ತಟ್ಟೆಯಲ್ಲಿ ಒಟ್ಟು ಎಷ್ಟಿದೆ ಅಂತ. ಊಟಕ್ಕೆ ಎಷ್ಟು ಇಳಿಯತ್ತೆ ಅನ್ನೋದು ಬೇರೆ ಅಂಕಿ. ಎರಡನ್ನೂ ಕಲಸಿ ಗಾಬರಿ ಬೀಳೋದೂ ತಪ್ಪು, ಏನೂ ಇಲ್ಲ ಅಂತ ಹುಳಿಯನ್ನ ಕಲಸಿ ಇಡೋದೂ ತಪ್ಪು.

ಪುಟ್ಟಿಯವರಿಗೆ ನೇರ ಉತ್ತರ: ಮೇಲ್ಬಣ್ಣದ ಹಳೇ ತಟ್ಟೆಯಲ್ಲಿ ಚಿತ್ರಾನ್ನ, ಪುಳಿಯೋಗರೆ, ಉಪ್ಪಿನಕಾಯಿ, ಮೊಸರು ಬೇಡ. ಚಿಕ್ಕ ಮಕ್ಕಳಿಗೆ, ಗರ್ಭಿಣಿಯರಿಗೆ ಹಳೇ ತಟ್ಟೆಯೇ ಬೇಡ. ಬಣ್ಣ ಕೆಳಗಿದ್ದು, ಮೆರುಗಿನಲ್ಲಿ ಬಿರುಕಿಲ್ಲದೆ, ಇತ್ತೀಚಿನ ಮೊಹರಿನದಾದರೆ ಬಳಸಿ. ಬಿರುಕು ಬಿಟ್ಟದ್ದಕ್ಕೆ ಊಟದ ಮಟ್ಟಿಗೆ ಯಾವ ರಿಯಾಯಿತಿಯೂ ಇಲ್ಲ, ಹಳೇ ಮೆರುಗಿನಲ್ಲೇ ಸೀಸ ಇರ್ತಿತ್ತು.

ಮೈಸೂರ್‌ಪಾಕು77
ಲೆನಾಕ್ಸ್ ವಿಚಾರ ಯಾರೂ ಎತ್ತಲಿಲ್ಲ. ಆ ಹಾಲಿ ಎಲೆಯ ಚಿತ್ತಾರದ ಹೆಸರೇ "ಹಾಲಿಡೇ", 1974ರದ್ದು. ಕೆನೆ ಬಣ್ಣದ ಮೈ, 24 ಕ್ಯಾರಟ್ ಚಿನ್ನದ ಅಂಚು. ವಾಲ್ಟರ್ ಸ್ಕಾಟ್ ಲೆನಾಕ್ಸ್ 1889ರಲ್ಲಿ ನ್ಯೂಜೆರ್ಸಿಯ ಟ್ರೆಂಟನ್‌ನಲ್ಲಿ ಶುರು ಮಾಡಿದ ಕಂಪನಿ, ಅಂದರೆ ಪುಟ್ಟಿಯವರ ನೆರೆಯಲ್ಲೇ. ನಾರ್ತ್ ಕೆರೊಲಿನಾದ ಕಿನ್‌ಸ್ಟನ್‌ನಲ್ಲಿದ್ದ ಕಾರ್ಖಾನೆ 2020ರಲ್ಲಿ ಮುಚ್ಚಿತು.

ಚಿನ್ನ ಅಂದ ಕೂಡಲೇ ಕಣ್ಣರಳಿಸಬೇಡಿ. ಆ ಲೇಪ ಒಂದು ಮೈಕ್ರಾನಿಗೂ ತೆಳು. ಕೆರೆದು ಮಾರಿದರೆ ಕಾಫಿ ಕಾಸೂ ಹುಟ್ಟಲ್ಲ. ಆದರೆ ಚಿನ್ನ ಸವೆದ ತಟ್ಟೆಯ ಬೆಲೆ ಮಾತ್ರ ಪಾತಾಳ. ಡಿಶ್‌ವಾಷರಿನ ಕ್ಷಾರ, ಬಿಸಿ, ಪಕ್ಕದ ತಟ್ಟೆ ತಾಗೋದು, ಮೂರೂ ಸೇರಿ ಅಂಚನ್ನು ತಿನ್ನತ್ತೆ. ಹೊಸ ಮೊಹರಿನಲ್ಲಿ "ಡಿಶ್‌ವಾಷರ್ ಸೇಫ್" ಅಂತಿದ್ದರೆ ಆ ತಟ್ಟೆಗೆ ಮಾತ್ರ ಅನ್ವಯ, ಅದೇ ಚಿತ್ತಾರದ ಹಳೇ ತಟ್ಟೆಗಲ್ಲ. ಮೈಕ್ರೋವೇವ್ ಅಂತೂ ಇಲ್ಲವೇ ಇಲ್ಲ, ಕಿಡಿ ಹಾರತ್ತೆ. ತೊಳೆಯೋದು ಉಗುರುಬೆಚ್ಚಗಿನ ನೀರು, ಮೆತ್ತನೆ ಬಟ್ಟೆ, ಸಿಂಕಿನ ತಳಕ್ಕೆ ಒಂದು ಟವೆಲ್. ನಿಂಬೆಹಣ್ಣು, ಸೋಡಾಪುಡಿ, ಸ್ಟೀಲ್ ನಾರು ಚಿನ್ನದ ಹತ್ತಿರ ಸುಳೀಬಾರದು.

ಚಮಚ-ಚಾಕು ಎಳೆದ ಬೂದುಗೆರೆ ತಟ್ಟೆ ನಡುವೆ ಇದ್ದರೆ ಅದು ಗೀರಲ್ಲ, ಮೆರುಗಿನ ಮೇಲೆ ಉಳಿದ ಲೋಹ. ಆಕ್ಸಾಲಿಕ್ ಆಮ್ಲ ಇರೋ ಪಾತ್ರೆ ಪುಡಿಯನ್ನು ಒದ್ದೆ ಬೆರಳಲ್ಲಿ ತಗೊಂಡು, ಕೈಗವಸು ಹಾಕಿ, ಹಗುರವಾಗಿ ಅರ್ಧ ನಿಮಿಷ ಉಜ್ಜಿ ತೊಳೆದರೆ ಹೋಗತ್ತೆ. ಬಣ್ಣ ಮೆರುಗಿನ ಮೇಲಿದ್ದರೆ ಇದನ್ನೂ ಮಾಡಬೇಡಿ.

ಪಿಂಗಾಣಿ_ಪುಟ್ಟಿ
ಎಲ್ಲರಿಗೂ ಧನ್ಯವಾದ. ನೀಲಿ ತಟ್ಟೆ ಹಿಂದೆ ಮೂರು ಅಲೆ ಗೆರೆ ಇದೆ. ಅದರ ಮೇಲೆ ಅಡ್ಡಕ್ಕೆ ಗೀರು ಹಾಕಿದ ಹಾಗಿದೆ, ಯಾರೋ ಕೆರೆದಿರಬೇಕು. ಹರಿವಾಣದ ವಿಷಯ ಇನ್ನೂ ಬಾಕಿ.

ತಳ_ನೋಡಿ
ಯಾರೋ ಕೆರೆದಿದ್ದಲ್ಲ, ಕಾರ್ಖಾನೆಯವರೇ ಹಾಕಿದ್ದು! ಮೂರು ಅಲೆ ಅಂದರೆ ರಾಯಲ್ ಕೋಪನ್‌ಹೇಗನ್, ಡೆನ್ಮಾರ್ಕಿನ ಮೂರು ಜಲಸಂಧಿಗಳ ಗುರುತು. ಆ ಅಲೆಗಳ ಮೇಲೆ ಅಡ್ಡ ಗೀರು ಇದ್ದರೆ ಎರಡನೇ ದರ್ಜೆ ಅಂತ ಅರ್ಥ: ಸಣ್ಣ ಚುಕ್ಕೆಯೋ ಬಣ್ಣದ ಏರುಪೇರೋ ಇತ್ತು, ಕಡಿಮೆ ಬೆಲೆಗೆ ಬಿಟ್ಟರು. ಮಾರೋರು ತಳದ ಫೋಟೋವನ್ನು ದೂರದಿಂದ ತೆಗೆದು ಹಾಕಿದರೆ ಹತ್ತಿರದ್ದು ಕೇಳಿ ಪಡೀರಿ. ಮೂರು ಗೋಪುರ ಇದ್ದಿದ್ದರೆ ಬಿಂಗ್ ಅಂಡ್ ಗ್ರೋನ್‌ಡಾಲ್.

ಹ್ಯಾನ್ಲಿ_ರಸ್ತೆ
ವರ್ಷಕ್ಕೊಂದು ತಟ್ಟೆ ಅನ್ನೋ ಪದ್ಧತಿ ಶುರು ಮಾಡಿದ್ದು ಆ ಬಿಂಗ್ ಅಂಡ್ ಗ್ರೋನ್‌ಡಾಲ್. 1895ರಲ್ಲಿ, ಫ್ರಾನ್ಸ್ ಆಗಸ್ಟ್ ಹಾಲಿನ್ ಬರೆದ ಚಿತ್ರ: ಹಿಮಗಟ್ಟಿದ ಕಿಟಕಿಯಾಚೆ ಕಾಣೋ ಕೋಪನ್‌ಹೇಗನ್. ಮಾಡಿದ್ದು ಸುಮಾರು 400 ತಟ್ಟೆ. ಪ್ರತಿ ವರ್ಷ ಮುಗಿದ ಮೇಲೆ ಅಚ್ಚು ಒಡೆದುಹಾಕೋ ಪದ್ಧತಿ. ರಾಯಲ್ ಕೋಪನ್‌ಹೇಗನ್ 1908ರಲ್ಲಿ ಹಿಂಬಾಲಿಸಿತು. ಮೊದಲ ಮೂರು ವರ್ಷದವು ಚಿಕ್ಕವು, 15 ಸೆಂಟಿಮೀಟರ್, 1911ರಿಂದ 18. ಇದು ನೆನಪಿರಲಿ. 18 ಸೆಂಟಿಮೀಟರಿನ "1909ರ ತಟ್ಟೆ" ಯಾರಾದರೂ ತೋರಿಸಿದರೆ ನಮಸ್ಕಾರ ಹೇಳಿ ಬನ್ನಿ. 1987ರಲ್ಲಿ ಎರಡೂ ಕಂಪನಿ ಒಂದಾದವು.

ಶ್ರೀಮಂತರು ಹಬ್ಬದಲ್ಲಿ ಆಳುಗಳಿಗೆ ತಟ್ಟೆ ತುಂಬ ತಿಂಡಿ ಕೊಡ್ತಿದ್ದರು, ತಟ್ಟೆ ಅವರ ಮನೆ ಗೋಡೆಗೆ ಏರಿತು ಅನ್ನೋ ಕಥೆ ಎಲ್ಲ ಕಡೆ ಓಡಾಡತ್ತೆ. ಕಥೆ ಅಂತಲೇ ಇಟ್ಕೊಳ್ಳಿ.

ಭಟ್ಟಿಬೂದಿ
ಯಾಕೆ ಬರೀ ನೀಲಿ ಅನ್ನೋದಕ್ಕೆ ಕಾರಣ ಭಟ್ಟಿಯಲ್ಲಿದೆ. ಆ ಪೋರ್ಸಲಿನ್ ಸುಡೋದು 1400 ಡಿಗ್ರಿ ಹತ್ತಿರ. ಅಷ್ಟು ತಾಪದಲ್ಲಿ ಮೆರುಗಿನ ಕೆಳಗೆ ಬದುಕೋ ಬಣ್ಣಗಳು ಬೆರಳೆಣಿಕೆ, ಅದರಲ್ಲಿ ನೀಲಿ ಕೊಡೋ ಕೋಬಾಲ್ಟ್ ಮೊದಲನೇದು. ಸಾಂಟಾನ ಕೆಂಪು ಅಲ್ಲಿ ಸುಟ್ಟು ಹೋಗತ್ತೆ. ಅದಕ್ಕೇ ಡೇನಿಶ್ ಕ್ರಿಸ್ಮಸ್ ನೀಲಿ, ಇಂಗ್ಲಿಷ್-ಅಮೆರಿಕನ್ ಕ್ರಿಸ್ಮಸ್ ಕೆಂಪು-ಹಸಿರು.

ಮೈಸೂರ್‌ಪಾಕು77
ಈ ವರ್ಷವಾರಿ ತಟ್ಟೆಗಳಿಗೆ ಇನ್ನೂ ಬೆಲೆ ಇದೆಯಾ ಗುರುಗಳೇ? "ಹೂಡಿಕೆ" ಅಂತ ಮಾರೋ ಜಾಹೀರಾತು ಆಗಾಗ ಕಾಣತ್ತೆ.

ಹ್ಯಾನ್ಲಿ_ರಸ್ತೆ
ಹೂಡಿಕೆ ಅನ್ನೋ ಮಾತು ಕೇಳಿದರೆ ಜೇಬು ಮುಚ್ಚಿಕೊಳ್ಳಿ. 1960-70ರ ದಶಕದಲ್ಲಿ ಇದರ ಅಲೆ ಎದ್ದಿತು. ಇಂಗ್ಲೆಂಡಿನ ವೆಜ್‌ವುಡ್ ಕಂಪನಿ 1969ರಲ್ಲಿ ನೀಲಿ ಜಾಸ್ಪರ್‌ನಲ್ಲಿ (ಮೆರುಗಿಲ್ಲದ, ಮ್ಯಾಟ್ ಮಾಲು) ವಿಂಡ್ಸರ್ ಕೋಟೆಯ ಕ್ರಿಸ್ಮಸ್ ತಟ್ಟೆ ತಂದಿತು. 1973ರಲ್ಲಿ ಸಂಗ್ರಹದ ತಟ್ಟೆ ಮಾರೋ ಬ್ರಾಡ್‌ಫರ್ಡ್ ಎಕ್ಸ್‌ಚೇಂಜ್ ಕಂಪನಿ ಶುರುವಾಗಿ, ಷೇರುಪೇಟೆ ಥರ ತಟ್ಟೆಗಳ ದರಪಟ್ಟಿ ಬರತೊಡಗಿತು. ಎಲ್ಲರೂ ಪೆಟ್ಟಿಗೆ, ಪ್ರಮಾಣಪತ್ರ ಸಮೇತ ಜೋಪಾನವಾಗಿ ಎತ್ತಿಟ್ಟರು. ಎಲ್ಲರೂ ಎತ್ತಿಟ್ಟಿದ್ದಕ್ಕೇ ಯಾವುದೂ ಅಪರೂಪ ಆಗಲಿಲ್ಲ. ಆ ಮನೆಗಳ ಅಟ್ಟ ಖಾಲಿ ಆಗ್ತಿದ್ದ ಹಾಗೆ ಮಾಲು ಮಾರುಕಟ್ಟೆಗೆ ಸುರೀತು.

1969ರ ನಿಮ್ಮ ತಟ್ಟೆ ಆ ಅಲೆಯ ಕಾಲದ್ದು, ಮೇಲಾಗಿ ಎರಡನೇ ದರ್ಜೆ. ಚಂದ ಅನಿಸಿದರೆ ಗೋಡೆಗೆ. ಬೆಲೆ ಉಳಿದಿರೋದು ತೀರಾ ಮೊದಲ ವರ್ಷಗಳವು ಮತ್ತು ಎರಡನೇ ಮಹಾಯುದ್ಧದ ಕಾಲದವಕ್ಕೆ, ಆಗ ತಯಾರಿ ಕಡಿಮೆ ಇತ್ತು.

ಊಟದ ಸೆಟ್ಟುಗಳ ಲೆಕ್ಕ ಬೇರೆ. ಅಲ್ಲಿ ಸಾದಾ ದೊಡ್ಡ ತಟ್ಟೆ, ಕಪ್ಪು-ಸಾಸರ್ ಬೇಕಾದಷ್ಟು. ಹುಡುಕಾಟ ಇರೋದು ಬೇಗ ಒಡೆಯೋ, ಕಡಿಮೆ ಮಾರಾಟವಾದ ತುಣುಕುಗಳಿಗೆ: ಮುಚ್ಚಳ ಇರೋ ಸೂಪ್ ಪಾತ್ರೆ, ಗ್ರೇವಿ ಪಾತ್ರೆಯ ಕೆಳತಟ್ಟೆ, ಟೀ ಪಾಟಿನ ಮುಚ್ಚಳ, ದೊಡ್ಡ ಹರಿವಾಣ. ಒಡೆದದ್ದಕ್ಕೆ ಜೋಡಿ ಹುಡುಕೋಕೆ ನಾರ್ತ್ ಕೆರೊಲಿನಾದ ಗ್ರೀನ್ಸ್‌ಬರೋದಲ್ಲಿ 1981ರಿಂದ ಇರೋ ರಿಪ್ಲೇಸ್‌ಮೆಂಟ್ಸ್ ಲಿಮಿಟೆಡ್‌ನ ಚಿತ್ತಾರ ಪಟ್ಟಿ ಒಳ್ಳೇ ನಿಘಂಟು. ಕೊಳ್ಳದಿದ್ದರೂ ಹೆಸರು ಪತ್ತೆಗೆ ಉಪಯೋಗ.

ತಳ_ನೋಡಿ
ಒಂದು ಸಣ್ಣ ತಕರಾರು. ಸಾದಾ ತಟ್ಟೆ ಬೇಕಾದಷ್ಟು ಅನ್ನೋದು ಸ್ಪೋಡ್, ಲೆನಾಕ್ಸ್‌ಗೆ ಸರಿ. ಟೆನೆಸಿಯ ಎರ್ವಿನ್‌ನಲ್ಲಿದ್ದ ಸದರ್ನ್ ಪಾಟರೀಸ್ 1957ರಲ್ಲಿ ಮುಚ್ಚಿತು. ಅವರ ಬ್ಲೂ ರಿಡ್ಜ್ ಹೆಸರಿನ, ಕೈಯಲ್ಲಿ ಬಣ್ಣ ಬಳಿದ ಕ್ರಿಸ್ಮಸ್ ಮರದ ತಟ್ಟೆ, ಟರ್ಕಿ ತಟ್ಟೆಗಳಲ್ಲಿ ಸಾದಾ ತುಣುಕಿಗೂ ಪೈಪೋಟಿ ಇದೆ. ಒಂದರ ಕುಂಚದ ಎಳೆ ಇನ್ನೊಂದರ ಹಾಗಿರಲ್ಲ, ಜನ ಅದಕ್ಕೇ ಬೀಳೋದು.

ಭಟ್ಟಿಬೂದಿ
ಈಗ ಹರಿವಾಣ. ಆ ಬಲೆಗೆ ಕ್ರೇಜಿಂಗ್ ಅಂತಾರೆ. ಅರ್ದನ್‌ವೇರ್ ಮಣ್ಣು ವರ್ಷಾನುಗಟ್ಟಲೆ ಗಾಳಿಯ ತೇವ ಹೀರಿ ಕೂದಲೆಳೆಯಷ್ಟು ಹಿಗ್ಗತ್ತೆ. ಮೇಲಿರೋ ಗಾಜಿನ ಮೆರುಗು ಹಿಗ್ಗಲ್ಲ. ಬಿಗಿ ತಡೆಯದೆ ಸೀಳತ್ತೆ. ಬಿಸಿ ಗ್ರೇವಿ ಸುರಿದು ತಣ್ಣೀರಿಗೆ ಹಾಕಿದರೆ ಅದೇ ಕೆಲಸ ಬೇಗ ಆಗತ್ತೆ. ಸೀಳಿನೊಳಗೆ ಕೊಬ್ಬು, ಟೀ ಕಣ ಇಳಿದು ಕಂದಾಗತ್ತೆ. ಕಂದನ್ನು ತೆಗೀಬಹುದು, ಸೀಳನ್ನು ಯಾರೂ ಮುಚ್ಚಲಾರರು.

ಮೊದಲು ಸದ್ದು ಕೇಳಿ. ಹರಿವಾಣವನ್ನು ಮೂರು ಬೆರಳ ಮೇಲೆ ನಿಲ್ಲಿಸಿ, ಅಂಚಿಗೆ ಗೆಣ್ಣಿನಿಂದ ತಟ್ಟಿ. ಟಣ್ ಅಂದರೆ ಬಿರುಕು ಮೆರುಗಿಗೆ ಸೀಮಿತ. ಬೋದು ಬೋದಾಗಿ, ಒಡಕು ಮಡಕೆ ಥರ ಕೇಳಿದರೆ ಮಣ್ಣೇ ಸೀಳಿದೆ, ಮುಂದಿನ ಕೆಲಸ ಬಿಟ್ಟುಬಿಡಿ. ಕರಿಬೆಳಕಿನ (ಯುವಿ) ಟಾರ್ಚ್ ಇದ್ದರೆ ಕತ್ತಲಲ್ಲಿ ಒಮ್ಮೆ ಹಾಯಿಸಿ. ಹಳೇ ರಿಪೇರಿಯ ಅಂಟು, ಬಣ್ಣ ಬೇರೆಯಾಗಿ ಹೊಳೆದು ಸಿಕ್ಕಿಬೀಳತ್ತೆ. ರಿಪೇರಿ ಆಗಿದ್ದರೆ, ಚಿನ್ನ ಅಥವಾ ಮೇಲ್ಬಣ್ಣ ಇದ್ದರೆ ನೆನೆಸೋದು ಬೇಡ.

ಸರಿ ಇದ್ದರೆ: ಮೆದು ಸೋಪಿನಲ್ಲಿ ತೊಳೆದು, ಡಿಸ್ಟಿಲ್ಡ್ ನೀರಲ್ಲಿ ಒಂದು ಪೂರ್ತಿ ದಿನ ನೆನೆಹಾಕಿ. ರಂಧ್ರಗಳು ನೀರು ಕುಡಿದಿರಲಿ, ಕರಗಿದ ಕೊಳೆ ಒಳಗೆ ನುಗ್ಗಬಾರದು. ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್. ಅಮೆರಿಕದ ಔಷಧಿ ಅಂಗಡಿಯ ಕಂದು ಬಾಟಲಿ ಶೇ. 3ರದ್ದು, ನಮ್ಮಲ್ಲಿ ಮೆಡಿಕಲ್ ಶಾಪಿನದ್ದು ಸಾಮಾನ್ಯವಾಗಿ ಶೇ. 6. ಸಲೂನ್ ಸಾಮಾನಿನ ಅಂಗಡಿಯಲ್ಲಿ 40 ವಾಲ್ಯೂಮ್ ಅಂತ ಸಿಗೋದು ಶೇ. 12, ಕ್ರೀಮ್ ಅಲ್ಲದೆ ನೀರಿನಂಥದ್ದು ನೋಡಿ. ಶೇ. 6ರಿಂದ ಶುರು ಮಾಡಿ. 20 ಇಂಚಿಗೆ ಪಾತ್ರೆ ಸಿಗೋದು ಕಷ್ಟ, ಮಂಚದಡಿ ಇಡೋ ಚಪ್ಪಟೆ ಪ್ಲಾಸ್ಟಿಕ್ ಡಬ್ಬ ಸರಿಹೋಗತ್ತೆ. ಲೋಹದ ಪಾತ್ರೆ ಬೇಡ. ಮುಚ್ಚಳವನ್ನು ಬಿಗಿ ಹಾಕಬೇಡಿ, ಆಮ್ಲಜನಕ ಬಿಡ್ತಾ ಇರತ್ತೆ, ಡಬ್ಬ ಉಬ್ಬಿ ಸಿಡಿಯಬಹುದು. ಕೈಗವಸು, ಕನ್ನಡಕ, ಕತ್ತಲ ಜಾಗ. ಮೂರು ದಿನಕ್ಕೊಮ್ಮೆ ಎತ್ತಿ ನೋಡಿ, ಸತ್ವ ಹೋಗಿದ್ದರೆ ದ್ರಾವಣ ಬದಲಿಸಿ. ಕಲೆ ಹಳೇದಾದರೆ ಎರಡು-ಮೂರು ವಾರ.

ಕೊನೆಗೆ ಡಿಸ್ಟಿಲ್ಡ್ ನೀರಲ್ಲಿ ಎರಡು ದಿನ, ದಿನಕ್ಕೊಮ್ಮೆ ನೀರು ಬದಲಿಸಿ. ನೆರಳಲ್ಲಿ ಒಂದು ವಾರ ಒಣಗಿಸಿ. ಒಣಗಿದ ಮೇಲೆ ಕಂದು ಮತ್ತೆ ಮೇಲೆದ್ದರೆ ಒಳಗೆ ಕೊಬ್ಬು ಉಳಿದಿದೆ ಅಂತ, ಇನ್ನೊಂದು ಸುತ್ತು.

ಬಟ್ಟೆ ಬ್ಲೀಚ್ ಹಾಕಲೇಬೇಡಿ. ಎರಡು ದಿನ ಹಾಲಿನಂತೆ ಬೆಳ್ಳಗಾಗತ್ತೆ, ಆಮೇಲೆ ಒಳಗೆ ಉಳಿದ ಉಪ್ಪು ಹರಳುಗಟ್ಟಿ ಮೆರುಗನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸತ್ತೆ. ಓವನ್ನಿನಲ್ಲಿ ಕಾಯಿಸೋ ಸಲಹೆ, ಮತ್ತೆ ಭಟ್ಟಿಗೆ ಹಾಕೋ ಸಲಹೆ ಎರಡೂ ಬೇಡ. ತೇವ, ಕೊಬ್ಬು ಕುಡಿದ ಹಳೇ ಮಣ್ಣನ್ನು ಭಟ್ಟಿಗೆ ಹಾಕಿದರೆ ಮೆರುಗಿನ ತುಂಬ ಗುಳ್ಳೆ, ಕಪ್ಪು ಚುಕ್ಕೆ.

ಹುಬ್ಬಳ್ಳಿ_ಮಿರ್ಚಿ
ಅರಿಶಿಣದ ಕಲಿ? ನಮ್ಮ ಊಟ ಅಂದ್ರ ಅದ ಮೊದಲ ಹತ್ತೂದು.

ಮೈಸೂರ್‌ಪಾಕು77
ಅರಿಶಿನಕ್ಕೆ ಬಿಸಿಲೇ ಮದ್ದು. ಅದರ ಬಣ್ಣದ ಕರ್ಕ್ಯುಮಿನ್ ಬೆಳಕಿಗೆ ಒಡೆಯತ್ತೆ. ತೊಳೆದು, ಎರಡು-ಮೂರು ಮಧ್ಯಾಹ್ನ ಕಿಟಕಿ ಬಿಸಿಲಿಗೆ ಇಟ್ಟರೆ ಹಳದಿ ತೆಳುವಾಗತ್ತೆ. ಸೋಪು ಜಾಸ್ತಿ ಹಾಕಿ ತಿಕ್ಕಿದರೆ ಕ್ಷಾರಕ್ಕೆ ಅದು ಕೆಂಪಾಗಿ ಇನ್ನೂ ಹೆದರಿಸತ್ತೆ. ಆದರೆ ಬಿರುಕಿನೊಳಗೆ ಎಣ್ಣೆ ಸಮೇತ ಇಳಿದ ಅರಿಶಿನ ಪೂರ್ತಿ ಹೋಗಲ್ಲ. ಸಾರು-ಹುಳಿಗೆ ಸ್ಟೀಲ್ ತಟ್ಟೆ ಇದೆಯಲ್ಲ.

ಕೊಡಿಯಾಲ್_ಕುಸ್ವಾರ್
ಊರಿಗೆ ತರುವುದು ಹೇಗೆ ಅಂತಲೂ ಹೇಳಿ. ಸೂಟ್‌ಕೇಸಿನಲ್ಲಿ ಸೀರೆ ನಡುವೆ ಇಟ್ಟರೆ ಸಾಕಾ?

ತಳ_ನೋಡಿ
ಸೀರೆ ಸಾಲದು ಅಕ್ಕ. ತಟ್ಟೆಯನ್ನು ಅಡ್ಡ ಮಲಗಿಸಿ ಅಡುಕಿದರೆ ಮೇಲಿನ ಭಾರವೆಲ್ಲ ಕೆಳಗಿನದರ ನಡುವೆ ಬೀಳತ್ತೆ. ಅಂಚಿನ ಮೇಲೆ ನಿಲ್ಲಿಸಿ, ಗ್ರಾಮಾಫೋನ್ ಪ್ಲೇಟು ಜೋಡಿಸಿದ ಹಾಗೆ. ಪ್ರತಿ ತಟ್ಟೆಗೆ ಮೊದಲು ಬಿಳಿ ಟಿಶ್ಯೂ ಕಾಗದ, ಆಮೇಲೆ ಗುಳ್ಳೆ ಪ್ಲಾಸ್ಟಿಕ್. ಚಿನ್ನದ ಅಂಚಿಗೆ ಪ್ಲಾಸ್ಟಿಕ್ ನೇರ ತಾಗಬಾರದು, ನ್ಯೂಸ್‌ಪೇಪರಂತೂ ಬೇಡ, ಮಸಿ ಬಿರುಕಿಗೆ ಇಳಿಯತ್ತೆ. ಗಟ್ಟಿ ರಟ್ಟಿನ ಪೆಟ್ಟಿಗೆ, ಅದರ ಹೊರಗೆ ಇನ್ನೊಂದು, ನಡುವೆ ಎಲ್ಲ ಕಡೆ 5 ಸೆಂಟಿಮೀಟರ್ ಮೆತ್ತೆ. ಅಲ್ಲಾಡಿಸಿದರೆ ಸದ್ದು ಬರಬಾರದು. ಕಪ್ಪುಗಳನ್ನು ಒಂದರೊಳಗೊಂದು ಕೂರಿಸಬೇಡಿ, ಮುಚ್ಚಳವನ್ನು ಬೇರೆ ಸುತ್ತಿ. 27 ಸೆಂಟಿಮೀಟರಿನ ಅರ್ದನ್‌ವೇರ್ ತಟ್ಟೆ ಒಂದೊಂದು ಆರೇಳುನೂರು ಗ್ರಾಂ ತೂಗತ್ತೆ. ಡಜನ್ ಆದರೆ ಪೆಟ್ಟಿಗೆ ಸೇರಿ ಹತ್ತು ಕೆಜಿ ಅಂದ್ಕೊಳ್ಳಿ.

ಮನೆಯಲ್ಲಿ ಇಡುವಾಗಲೂ ಅಷ್ಟೇ. ಮೇಲಿನ ತಟ್ಟೆಯ ತಳದ ಬಳೆ ಕೆಳಗಿನದರ ಚಿತ್ರವನ್ನು ಗೀಚತ್ತೆ, ನಡುವೆ ಫೆಲ್ಟ್ ಅಥವಾ ದಪ್ಪ ಟಿಶ್ಯೂ ಇರಲಿ. ಎಂಟು-ಹತ್ತಕ್ಕಿಂತ ಎತ್ತರ ಪೇರಿಸಬೇಡಿ. ಕಪ್ಪನ್ನು ಹಿಡಿಯಿಂದ ಕೊಕ್ಕೆಗೆ ನೇತುಹಾಕಬೇಡಿ. ಗೋಡೆಗೆ ಸ್ಪ್ರಿಂಗ್ ತಂತಿಯ ಹ್ಯಾಂಗರ್ ಹಾಕೋದಾದರೆ ತಟ್ಟೆಗಿಂತ ಒಂದು ಸೈಜ್ ಸಡಿಲದ್ದು. ಬಿಗಿ ತಂತಿ ವರ್ಷಗಟ್ಟಲೆ ಎಳೆದು ಅಂಚನ್ನು ಸೀಳತ್ತೆ.

ಪಿಂಗಾಣಿ_ಪುಟ್ಟಿ
ಎಂಟೂ ಬೋರಲು ಹಾಕಿ ಓದಾಯ್ತು. ಮೂರರಲ್ಲಿ ಕೋಪ್‌ಲ್ಯಾಂಡ್ ಇದೆ, ಐದರಲ್ಲಿ ಬರೀ ಸ್ಪೋಡ್, ಮೇಡ್ ಇನ್ ಇಂಗ್ಲೆಂಡ್. ಪಕ್ಕಪಕ್ಕ ಇಟ್ಟರೆ ಅಂಚಿನ ಹಸಿರು ಎರಡು ಥರ ಇದೆ, ಫೋಟೋದಲ್ಲಿ ಗೊತ್ತೇ ಆಗಿರಲಿಲ್ಲ. ಹರಿವಾಣ ತಟ್ಟಿದರೆ ಒಂದು ಬದಿ ಟಣ್ ಅನ್ನತ್ತೆ, ಇನ್ನೊಂದು ಬದಿ ಬೋದು.

ಭಟ್ಟಿಬೂದಿ
ಬೋದು ಬರೋ ಬದಿಯಲ್ಲಿ ಅಂಚಿನಿಂದ ಒಳಕ್ಕೆ ಕೂದಲೆಳೆ ಸೀಳು ಹೋಗಿದೆ. ಟಾರ್ಚನ್ನು ತಳದ ಕಡೆ ಓರೆ ಹಿಡಿದರೆ ಕಾಣಬೇಕು. ಪೆರಾಕ್ಸೈಡ್ ಬೇಡ, ಬಿಸಿ ಬೇಡ, 8 ಕೆಜಿ ಟರ್ಕಿಯನ್ನಂತೂ ಅದರ ಮೇಲೆ ಎತ್ತಬೇಡಿ. ಅಗಲ ತಳದ ಮರದ ಸ್ಟ್ಯಾಂಡಿನಲ್ಲಿ, ಸೀಳು ಮೇಲಕ್ಕೆ ಬರೋ ಹಾಗೆ ನಿಲ್ಲಿಸಿ.

ತಳ_ನೋಡಿ
ಆ ಮೂರು ಕೋಪ್‌ಲ್ಯಾಂಡನ್ನು ಬೇರೆ ಕಟ್ಟಿಡಿ. ಇನ್ನು ಮುಂದೆ ಜೋಡಿ ಕೊಳ್ಳುವಾಗ ಮಾರೋರ ಹತ್ತಿರ ಮೂರು ಕೇಳಿ: ಮೊಹರಿನ ಹತ್ತಿರದ ಫೋಟೋ, ಅಂಚಿನಿಂದ ಅಂಚಿಗೆ ಸ್ಕೇಲ್ ಇಟ್ಟ ಫೋಟೋ, ಹಗಲ ಬೆಳಕಲ್ಲಿ ಬಿಳಿ ಕಾಗದದ ಮೇಲೆ ಹಸಿರು ಗೆರೆಯ ಫೋಟೋ. ಉಳಿದ ಐದಕ್ಕೆ ಬಣ್ಣ ಮೇಲೋ ಕೆಳಗೋ ಅಂತ ದೀಪದ ಕೆಳಗೆ ಓರೆ ಹಿಡಿದು ನೋಡಿದಿರಾ?

ಪಿಂಗಾಣಿ_ಪುಟ್ಟಿ
ನೋಡಿದೆ. ಹೊಳಪು ಎಲ್ಲೂ ಮುರಿಯಲ್ಲ, ಉಗುರಿಗೂ ಏನೂ ಸಿಗಲ್ಲ. ಆದರೆ ಒಂದರಲ್ಲಿ ಸಾಂಟಾನ ಪಕ್ಕ ಸಣ್ಣ ಬಲೆ ಶುರುವಾಗಿದೆ. ಅದನ್ನು ಕುಸ್ವಾರಿಗೆ ಎತ್ತಿಟ್ಟೆ, ನಾಲ್ಕು ಊಟಕ್ಕೆ.